ಗಡಿ ದಾಟಿ ಬರುವ ಫೈಲಿನಲ್ಲಿ ಕನ್ನಡದ ಒಂದು ಪುಟವಿರಲಿ

ಮಾನ್ಯ ಸಂಪಾದಕರೇ,

ಕಾಸರಗೋಡು ಜಿಲ್ಲೆಯ ಹೆಂಗಸರ ಆರೋಗ್ಯದ ಬಗ್ಗೆ ಪತ್ರಿಕೆಗಳಲ್ಲಿ ಬರುವ ಬರಹಗಳು ಹೆಚ್ಚಾಗಿ ರಕ್ತಹೀನತೆ, ರಕ್ತದೊತ್ತಡ, ವೈದ್ಯರ ಕೊರತೆ, ಆಂಬ್ಯುಲೆನ್ಸಿನ ಕೊರತೆ ಇಷ್ಟರಲ್ಲೇ ಮುಗಿಯುತ್ತವೆ. ಅವೆಲ್ಲ ಬೇಕಾದ ಮಾತುಗಳೇ. ಆದರೆ ಸಾವಿರಕ್ಕೊಬ್ಬರಿಗೋ ಐದು ಸಾವಿರಕ್ಕೊಬ್ಬರಿಗೋ ಬರುವ ಕೆಲವು ಪ್ರಸೂತಿ ಮತ್ತು ಸ್ತ್ರೀರೋಗ ಸಮಸ್ಯೆಗಳು ನಮ್ಮ ಮಂಜೇಶ್ವರ, ಬದಿಯಡ್ಕ, ಎಣ್ಮಕಜೆ, ದೇಲಂಪಾಡಿ ಕಡೆಯ ಕನ್ನಡ ಮತ್ತು ತುಳು ಮನೆಗಳಲ್ಲಿ ಹೇಗೆ ಕಣ್ತಪ್ಪಿ ಹೋಗುತ್ತವೆ ಎಂಬುದನ್ನು ಬಹುಕಾಲ ಹೆರಿಗೆ ವಾರ್ಡಿನಲ್ಲಿ ಶುಶ್ರೂಷಕಿಯಾಗಿದ್ದು ನೋಡಿದವಳಾದ್ದರಿಂದ ಈ ಪತ್ರ ಬರೆಯುತ್ತಿದ್ದೇನೆ.

2018–20ರ ಮಾದರಿ ನೋಂದಣಿ ಸಮೀಕ್ಷೆಯ ಪ್ರಕಾರ ಒಂದು ಲಕ್ಷ ಸಜೀವ ಜನನಗಳಿಗೆ ಕೇರಳದಲ್ಲಿ ತೀರಿಕೊಂಡ ತಾಯಂದಿರು 19. ದೇಶದ ಸರಾಸರಿ 97. ಇಲ್ಲಿನ ಪ್ರಸೂತಿ ತಜ್ಞರ ಒಕ್ಕೂಟವು 2004ರಿಂದ ತಾಯಿ ಮರಣಗಳನ್ನು ಯಾರ ಹೆಸರೂ ಹೊರಬೀಳದಂತೆ ಗೌಪ್ಯವಾಗಿ ಪರಿಶೀಲಿಸಿ, ಎಲ್ಲಿ ಎಡವಿದೆವೆಂದು ತಮ್ಮೊಳಗೇ ಚರ್ಚಿಸುತ್ತ ಬಂದದ್ದು ಈ ಸಾಧನೆಗೆ ಒಂದು ಮುಖ್ಯ ಕಾರಣವೆಂದು ನಾನು ನಂಬಿದ್ದೇನೆ. ಆದರೆ ಸಾಮಾನ್ಯ ಕಾರಣಗಳಿಂದಾಗುವ ಸಾವು ನೋವು ಕಡಿಮೆಯಾದಂತೆಲ್ಲ ಉಳಿದವುಗಳಲ್ಲಿ ಅಪರೂಪದ ಕಾಯಿಲೆಗಳ ಪಾಲು ಹೆಚ್ಚುತ್ತ ಹೋಗುತ್ತದೆ. ಅವನ್ನು ಹಿಡಿಯಲು ದೊಡ್ಡ ಯಂತ್ರಗಳೇ ಬೇಕೆಂದಿಲ್ಲ. ಸರಿಯಾದ ಹೊತ್ತಿಗೆ ಕೇಳಿದ ಒಂದು ಪ್ರಶ್ನೆ, ಒಂದು ರಕ್ತಪರೀಕ್ಷೆ, ಒಂದು ಸ್ಕ್ಯಾನಿಂಗ್ ಅನೇಕ ಸಲ ಸಾಕಾಗುತ್ತದೆ. ಅದಾದ ಮೇಲೆ ವಾರಗಟ್ಟಲೆ, ತಿಂಗಳುಗಟ್ಟಲೆ ಬಿಡದೆ ನಡೆಸಬೇಕಾದ ನಿಗಾ ಮಾತ್ರ ಕಷ್ಟದ್ದು, ಮತ್ತು ನಮ್ಮಲ್ಲಿ ತಪ್ಪಿಹೋಗುವುದು ಅದುವೇ.

ಏಕೆಂದರೆ ನಮ್ಮ ಊರುಗಳ ಹೆಂಗಸರು ಚಿಕಿತ್ಸೆಗೆ ಹೋಗುವುದು ಗಡಿಯಾಚೆಗೆ. ತಲಪಾಡಿ ದಾಟಿ ದೇರಳಕಟ್ಟೆಗೆ, ಮಂಗಳೂರಿಗೆ. ಸಾರಡ್ಕ ದಾಟಿ ವಿಟ್ಲ, ಪುತ್ತೂರಿಗೆ. ಜಾಲ್ಸೂರು ದಾಟಿ ಸುಳ್ಯಕ್ಕೆ. ಆಪರೇಷನ್ ಅಲ್ಲಿ, ಆಮೇಲಿನ ದಿನಗಳು ಇಲ್ಲಿ. ಅಲ್ಲಿಂದ ತರುವ ಪ್ಲಾಸ್ಟಿಕ್ ಕವರಿನಲ್ಲಿ ಸ್ಕ್ಯಾನಿಂಗಿನ ಫಿಲ್ಮು, ಬಿಲ್ಲುಗಳು, ಇಂಗ್ಲಿಷಿನಲ್ಲಿ ಟೈಪಾದ ಡಿಸ್ಚಾರ್ಜ್ ಸಮ್ಮರಿ ಇರುತ್ತವೆ. ಇಲ್ಲಿನ ಆರೋಗ್ಯ ಕೇಂದ್ರದ ಚೀಟಿ ಮಲಯಾಳದಲ್ಲಿರುತ್ತದೆ. ಕನ್ನಡ ಶಾಲೆಯಲ್ಲಿ ಓದಿ ಮನೆಯಲ್ಲಿ ತುಳು ಮಾತಾಡುವ ಹೆಣ್ಣುಮಗಳಿಗೆ ಎರಡೂ ಅರ್ಧಂಬರ್ಧ. ಮುಂದೆ ಯಾವಾಗ ಬರಬೇಕು, ಏಕೆ ಬರಬೇಕು, ಬಾರದಿದ್ದರೆ ಏನಾದೀತು ಎಂಬ ಮೂರು ಮಾತು ಅವಳಿಗೆ ಓದಲು ಬರುವ ಲಿಪಿಯಲ್ಲಿ ಎಲ್ಲೂ ಇರುವುದಿಲ್ಲ.

ಇದರ ಪರಿಣಾಮವನ್ನು ನಾನು ಅತಿ ಸ್ಪಷ್ಟವಾಗಿ ಕಂಡದ್ದು ಮೋಲಾರ್ ಗರ್ಭದಲ್ಲಿ. ಮುಟ್ಟು ನಿಲ್ಲುತ್ತದೆ, ಮೂತ್ರ ಪರೀಕ್ಷೆಯಲ್ಲಿ ಎರಡು ಗೆರೆ ಮೂಡುತ್ತದೆ, ವಾಂತಿಯೂ ವಿಪರೀತವಾಗಿರುತ್ತದೆ. ಆದರೆ ಒಳಗೆ ಮಗು ಬೆಳೆಯುವ ಬದಲು ಮಾಸು ಆಗಬೇಕಾದ ಅಂಗಾಂಶವೇ ನೀರು ತುಂಬಿದ ಸಣ್ಣ ಸಣ್ಣ ಗುಳ್ಳೆಗಳಾಗಿ ದ್ರಾಕ್ಷಿ ಗೊಂಚಲಿನಂತೆ ಬೆಳೆಯುತ್ತ ಹೋಗುತ್ತದೆ. ರಕ್ತಸ್ರಾವವಾಗಿ ಆಸ್ಪತ್ರೆಗೆ ಬಂದಾಗ ಸ್ಕ್ಯಾನಿಂಗ್ ಮಾಡಿ, ಗರ್ಭಕೋಶವನ್ನು ಖಾಲಿ ಮಾಡುತ್ತಾರೆ. ಮನೆಯವರ ಲೆಕ್ಕದಲ್ಲಿ ಇದೊಂದು ಗರ್ಭಪಾತ, ಅಲ್ಲಿಗೆ ಮುಗಿಯಿತು. ವೈದ್ಯರ ಲೆಕ್ಕದಲ್ಲಿ ಕೆಲಸ ಶುರುವಾಗುವುದೇ ಆಗ. ಮಗುವಿನ ಭಾಗವೇ ಇಲ್ಲದ ಪೂರ್ಣ ಮೋಲಾರ್ ಗರ್ಭವಾಗಿದ್ದವರಲ್ಲಿ ನೂರಕ್ಕೆ ಸುಮಾರು 15 ಮಂದಿಯಲ್ಲಿ ಆ ಅಂಗಾಂಶ ಗರ್ಭಕೋಶದಲ್ಲೇ ಬೇರೂರಿ ಮತ್ತೆ ಬೆಳೆಯತೊಡಗುತ್ತದೆ. ಕೆಲವರಲ್ಲಿ ಅದು ಕೋರಿಯೋಕಾರ್ಸಿನೋಮ ಎಂಬ ಕ್ಯಾನ್ಸರಾಗಿ ಶ್ವಾಸಕೋಶಕ್ಕೂ ಕೆಲವೊಮ್ಮೆ ಮಿದುಳಿಗೂ ಹರಡುತ್ತದೆ. ಆದ್ದರಿಂದ ರಕ್ತದಲ್ಲಿ ಬೀಟಾ ಎಚ್‌ಸಿಜಿ ಎಂಬ ಹಾರ್ಮೋನಿನ ಮಟ್ಟವನ್ನು ಅದು ಸಹಜ ಸ್ಥಿತಿಗೆ ಇಳಿಯುವವರೆಗೆ ವಾರಕ್ಕೋ ಎರಡು ವಾರಕ್ಕೋ ಒಮ್ಮೆ, ಆಮೇಲೆ ಕೆಲವು ತಿಂಗಳು ತಿಂಗಳಿಗೊಮ್ಮೆ ನೋಡುತ್ತಿರಬೇಕು. ಆ ಅವಧಿಯಲ್ಲಿ ಮತ್ತೆ ಗರ್ಭ ನಿಲ್ಲಬಾರದು. ನಿಂತರೆ ಹಾರ್ಮೋನು ಹೊಸ ಗರ್ಭದಿಂದ ಏರಿತೋ ಹಳೆಯ ರೋಗದಿಂದ ಏರಿತೋ ತಿಳಿಯಲಾಗದು. ತೆಗೆದ ಅಂಗಾಂಶವನ್ನು ಪೆಥಾಲಜಿ ಲ್ಯಾಬಿಗೆ ಕಳಿಸದಿದ್ದರೆ ಇದು ಮೋಲಾರ್ ಗರ್ಭವೆಂಬುದೇ ಎಷ್ಟೋ ಸಲ ಗೊತ್ತಾಗುವುದಿಲ್ಲ. ಮೊದಲ ವಾರಗಳಲ್ಲಿ ಮೋಲಾರ್ ಗರ್ಭ ಸ್ಕ್ಯಾನಿಂಗಿನಲ್ಲಿ ಸಾಮಾನ್ಯ ಗರ್ಭಪಾತದಂತೆಯೇ ಕಾಣಬಹುದು.

ಹೀಗೆ ಗಡಿಯಾಚೆ ಗರ್ಭಕೋಶ ಖಾಲಿ ಮಾಡಿಸಿಕೊಂಡು ತವರಿಗೆ ಬಂದ ತರುಣಿಯೊಬ್ಬಳನ್ನು ನಾನು ನೋಡಿದ್ದೇನೆ. ರಕ್ತಸ್ರಾವ ನಿಂತದ್ದರಿಂದ ವಾಸಿಯಾಯಿತೆಂದು ಅವಳು ಸುಮ್ಮನಿದ್ದಳು. ಕೆಲವು ತಿಂಗಳ ಬಳಿಕ ಕೆಮ್ಮಿನಲ್ಲಿ ರಕ್ತ ಬಿತ್ತು. ನಮ್ಮ ದೇಶದಲ್ಲಿ ಕೆಮ್ಮಿನಲ್ಲಿ ರಕ್ತವೆಂದರೆ ಕ್ಷಯವೆಂದು ಮೊದಲು ಶಂಕಿಸುವುದು ನ್ಯಾಯವೇ. ಕಫ ಪರೀಕ್ಷೆ ಆಯಿತು, ಕ್ಷಯದ ರೋಗಾಣು ಸಿಗಲಿಲ್ಲ. ಎಕ್ಸ್‌ರೇಯಲ್ಲಿ ಮಾತ್ರ ದುಂಡನೆಯ ಮಚ್ಚೆಗಳಿದ್ದವು. ಕೊನೆಗೆ ಕಿರಿಯ ವೈದ್ಯೆಯೊಬ್ಬರು, ‘ನಿನಗೆ ಕೊನೆಯ ಗರ್ಭ ಯಾವಾಗ ನಿಂತಿತ್ತು, ಅದು ಏನಾಯಿತು?’ ಎಂದು ಕೇಳಿದರು. ಅವಳು ಮನೆಯಿಂದ ತರಿಸಿದ ಫೈಲಿನ ಎರಡನೆಯ ಹಾಳೆಯ ಬುಡದಲ್ಲಿ ವಾರವಾರದ ರಕ್ತಪರೀಕ್ಷೆಯ ಸೂಚನೆ ಒಂದೇ ಸಾಲಿನ ಇಂಗ್ಲಿಷಿನಲ್ಲಿತ್ತು. ಔಷಧ ಕೊಟ್ಟ ಮೇಲೆ ಅವಳು ಗುಣವಾದಳು. ಆದರೆ ಸಣ್ಣ ಚಿಕಿತ್ಸೆಯಲ್ಲಿ ಮುಗಿಯಬಹುದಾಗಿದ್ದದ್ದು ಹಲವು ಔಷಧಗಳ ದೀರ್ಘ ಚಿಕಿತ್ಸೆಯಾಯಿತು. ಹೆರುವ ಪ್ರಾಯದ ಹೆಂಗಸಿಗೆ ಕಾರಣ ತಿಳಿಯದ ಕೆಮ್ಮು ರಕ್ತವೋ ತಲೆನೋವು ಅಪಸ್ಮಾರವೋ ಬಂದಾಗ ಈ ಒಂದು ಪ್ರಶ್ನೆಯನ್ನು ಕೇಳುವ ರೂಢಿ ಎಲ್ಲ ವಿಭಾಗಗಳಲ್ಲೂ ಬರಬೇಕು.

ಈ ರೋಗದ ಬಗ್ಗೆ ಹೆದರಿಸುವುದು ನನ್ನ ಉದ್ದೇಶವಲ್ಲ, ಏಕೆಂದರೆ ಇದು ಕ್ಯಾನ್ಸರುಗಳಲ್ಲೇ ಅತ್ಯಂತ ಚೆನ್ನಾಗಿ ವಾಸಿಯಾಗುವಂಥದ್ದು. ಕಾಸರಗೋಡು ಕೇರಳಕ್ಕೆ ಸೇರಿದ ಅದೇ 1956ರಲ್ಲಿ ಅಮೆರಿಕದಲ್ಲಿ ಮಿನ್ ಚಿಯು ಲೀ ಮತ್ತು ರಾಯ್ ಹರ್ಟ್ಜ್ ಅವರ ತಂಡ ಮೆಥೊಟ್ರೆಕ್ಸೇಟ್ ಎಂಬ ಔಷಧದಿಂದ ಕೋರಿಯೋಕಾರ್ಸಿನೋಮ ಕರಗಿದ್ದನ್ನು ವರದಿ ಮಾಡಿತು. ಬೇಗ ಗುರುತಿಸಿದರೆ ಇಂದಿಗೂ ಅದೇ ಔಷಧದಿಂದ ಬಹುಪಾಲು ಹೆಂಗಸರು ಗುಣವಾಗಿ, ಗರ್ಭಕೋಶ ಉಳಿಸಿಕೊಂಡು, ಮುಂದೆ ಮಕ್ಕಳನ್ನೂ ಹೆರುತ್ತಾರೆ.

ಎರಡನೆಯದು ಸಿಸೇರಿಯನ್ ಗಾಯಕ್ಕೆ ಅಂಟಿಕೊಳ್ಳುವ ಗರ್ಭ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕೇರಳದಲ್ಲಿ ನೂರಕ್ಕೆ ಸುಮಾರು 39 ಹೆರಿಗೆ ಸಿಸೇರಿಯನ್. ಮೊದಲ ಸಿಸೇರಿಯನ್ ಆದವಳು ಮತ್ತೆ ಗರ್ಭಿಣಿಯಾದಾಗ ಆರೇಳು ವಾರಕ್ಕೇ ಒಂದು ಸ್ಕ್ಯಾನಿಂಗ್ ಮಾಡಿ ಗರ್ಭ ಎಲ್ಲಿ ನಿಂತಿದೆಯೆಂದು ನೋಡುವುದು ಅಗತ್ಯ. ಗಾಯದ ಮೇಲೆ ನಿಂತ ಗರ್ಭವನ್ನು ಗಮನಿಸದೆ ಬಿಟ್ಟರೆ ಮಾಸು ಗರ್ಭಕೋಶದ ಗೋಡೆಯೊಳಗೆ, ಕೆಲವೊಮ್ಮೆ ಮೂತ್ರಕೋಶದವರೆಗೂ, ಬೇರು ಬಿಡಬಹುದು. ಮಾಸು ಗರ್ಭಕೋಶದ ಬಾಯಿಗೆ ಅಡ್ಡವಾಗಿ ಕೆಳಗಿದ್ದು ಹಿಂದೆ ಒಂದು ಸಿಸೇರಿಯನ್ ಆಗಿದ್ದರೆ ಹೀಗಾಗುವ ಸಾಧ್ಯತೆ ನೂರಕ್ಕೆ ಸುಮಾರು 11. ಎರಡು ಆಗಿದ್ದರೆ ಸುಮಾರು 40. ಅಂಥ ಹೆರಿಗೆಯನ್ನು ಲೀಟರುಗಟ್ಟಲೆ ರಕ್ತ, ಅರಿವಳಿಕೆ ತಜ್ಞರು, ಮೂತ್ರಾಂಗದ ಶಸ್ತ್ರತಜ್ಞರು ಸಿದ್ಧವಿರುವ ಆಸ್ಪತ್ರೆಯಲ್ಲಿ ದಿನ ಗೊತ್ತುಮಾಡಿಯೇ ನಡೆಸಬೇಕು. ನೋವು ಶುರುವಾದ ಮೇಲೆ ತಲಪಾಡಿಯತ್ತ ಹೊರಡುವ ಸಂದರ್ಭ ಬರಬಾರದು. 2020ರ ಮಾರ್ಚಿನಲ್ಲಿ ಕೊರೊನಾದಿಂದಾಗಿ ಗಡಿ ಮುಚ್ಚಿದಾಗ ನಾವು ಪಟ್ಟ ಪಾಡನ್ನು ಇಲ್ಲಿ ಬಿಡಿಸಿ ಹೇಳಬೇಕಾಗಿಲ್ಲ.

ಬೇಗ ಗುರುತಿಸದೆ ಕಾಲವೇ ಕಳೆದುಹೋಗುವ ಇನ್ನೊಂದು ಕಾಯಿಲೆ ಶೀಹನ್ ಸಿಂಡ್ರೋಮ್. ಬ್ರಿಟನ್ನಿನ ಹೆರಾಲ್ಡ್ ಶೀಹನ್ 1937ರಲ್ಲಿ ವಿವರಿಸಿದ್ದು ಇದು. ಹೆರಿಗೆಯ ಹೊತ್ತಿಗೆ ವಿಪರೀತ ರಕ್ತ ಹೋದರೆ, ಬಸುರಿನಲ್ಲಿ ಹಿಗ್ಗಿದ್ದ ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿಗೆ ರಕ್ತ ಸಿಗದೆ ಅದು ಸಾಯಬಹುದು. ಆಗ ಬಾಣಂತಿಗೆ ಹಾಲು ಬರುವುದಿಲ್ಲ, ಮುಟ್ಟು ಮರಳುವುದಿಲ್ಲ, ಕಂಕುಳ ಕೂದಲು ಉದುರುತ್ತದೆ. ನಮ್ಮ ಗುಡ್ಡದ ಮನೆಗಳಲ್ಲಿ ಹೆರಿಗೆ ಮನೆಯಲ್ಲೇ ಆಗುತ್ತಿದ್ದ ಕಾಲದ ಅಮ್ಮಂದಿರು ಈಗ ಅರವತ್ತರ ಆಸುಪಾಸಿನಲ್ಲಿದ್ದಾರೆ. ಅವರಲ್ಲೊಬ್ಬರು ಏಪ್ರಿಲಿನ ಸೆಕೆಯಲ್ಲೂ ಹೊದಿಕೆ ಹೊದ್ದು ಮೂಲೆಯಲ್ಲಿ ಕುಳಿತಿರುತ್ತಿದ್ದರು. ಮುಖ ಒಣಗಿ ಬಿಳಿಚಿಕೊಂಡಿತ್ತು, ಹುಬ್ಬಿನ ಕೂದಲು ಇಲ್ಲವೇ ಇಲ್ಲವೆಂಬಷ್ಟು, ಮಾತು ನಿಧಾನ. ಮನೆಯವರು ಸೋಮಾರಿತನವೆಂದರು, ಮನಸ್ಸಿನ ಕಾಯಿಲೆಯೆಂದರು. ಒಂದು ಸಣ್ಣ ಜ್ವರಕ್ಕೆ ಪ್ರಜ್ಞೆ ತಪ್ಪಿ ಆಸ್ಪತ್ರೆಗೆ ತಂದಾಗ ರಕ್ತದಲ್ಲಿ ಸೋಡಿಯಂ ಬಹಳ ಇಳಿದಿತ್ತು. ಕೊನೆಯ ಹೆರಿಗೆಯಲ್ಲಿ ರಕ್ತ ಹೋಗಿತ್ತೇ, ಮಗುವಿಗೆ ಹಾಲು ಕೊಟ್ಟಿದ್ದರೇ ಎಂದು ವಿಚಾರಿಸಿದಾಗ ಕಥೆಯೆಲ್ಲ ಹೊರಬಂತು. ಇಂಥವರಿಗೆ ಥೈರಾಯ್ಡ್ ಕಡಿಮೆಯಿದೆಯೆಂದು ಮೊದಲು ಅದರ ಮಾತ್ರೆಯನ್ನಷ್ಟೇ ಕೊಟ್ಟರೆ ಅಪಾಯ. ಹೈಡ್ರೋಕಾರ್ಟಿಸೋನ್ ಎಂಬ ಸ್ಟೀರಾಯ್ಡ್ ಮಾತ್ರೆ ಮೊದಲು, ಥೈರಾಯ್ಡ್ ಮಾತ್ರೆ ಆಮೇಲೆ. ಹೈಡ್ರೋಕಾರ್ಟಿಸೋನನ್ನು ಜೀವನಪೂರ್ತಿ ನಿಲ್ಲಿಸಕೂಡದೆಂಬುದನ್ನೂ, ಜ್ವರ ಬಂದಾಗ ವೈದ್ಯರು ಹೇಳಿದಂತೆ ಹೆಚ್ಚಿಸಬೇಕೆಂಬುದನ್ನೂ ಕನ್ನಡದಲ್ಲಿ ಬರೆದುಕೊಡದಿದ್ದರೆ, ಚೇತರಿಸಿಕೊಂಡ ಅಜ್ಜಿ ಮೂರು ತಿಂಗಳಲ್ಲಿ ಮಾತ್ರೆ ಬಿಟ್ಟುಬಿಡುತ್ತಾರೆ.

ಇನ್ನು ಮುಟ್ಟಾಗದ ಹುಡುಗಿಯರ ವಿಚಾರ. ಹರಕೆ ಹೊರುವುದನ್ನು ನಾನು ತಪ್ಪೆನ್ನಲಾರೆ, ಜೊತೆಗೆ ಪರೀಕ್ಷೆಯೂ ಆಗಲಿ ಎಂಬುದಷ್ಟೇ ನನ್ನ ಬೇಡಿಕೆ. 15 ವರ್ಷ ತುಂಬಿಯೂ ಮುಟ್ಟಾಗದಿದ್ದರೆ, 13ಕ್ಕೂ ಎದೆ ಬೆಳೆಯದಿದ್ದರೆ, ಅಥವಾ ಮುಟ್ಟೇ ಇಲ್ಲದೆ ತಿಂಗಳಿಗೊಮ್ಮೆ ಹೊಟ್ಟೆನೋವು ಬರುತ್ತಿದ್ದರೆ ತೋರಿಸಲೇಬೇಕು. ಕೊನೆಯದರಲ್ಲಿ ಹೆಚ್ಚಾಗಿ ದಾರಿಗೆ ಅಡ್ಡವಾಗಿರುವ ಒಂದು ತೆಳು ಪೊರೆಯ ಹಿಂದೆ ರಕ್ತ ಕಟ್ಟಿಕೊಂಡಿರುತ್ತದೆ, ಸಣ್ಣ ಶಸ್ತ್ರಕ್ರಿಯೆಯಿಂದ ಸರಿಹೋಗುತ್ತದೆ. ಸುಮಾರು ಐದು ಸಾವಿರ ಹುಡುಗಿಯರಲ್ಲಿ ಒಬ್ಬಳಿಗೆ ಗರ್ಭಕೋಶವೇ ಬೆಳೆದಿರುವುದಿಲ್ಲ. ಅವಳ ಅಂಡಾಶಯ, ಎದೆಯ ಬೆಳವಣಿಗೆ ಎಲ್ಲ ಸಹಜವಾಗಿರುವುದರಿಂದ ಯಾರಿಗೂ ಸಂಶಯ ಬರುವುದಿಲ್ಲ, ಎಷ್ಟೋ ಕಡೆ ಮದುವೆಯಾದ ಮೇಲೆ ತಿಳಿಯುತ್ತದೆ, ಆಗ ಅವಳು ಮೋಸ ಮಾಡಿದಳೆಂಬ ಮಾತು ಬರುತ್ತದೆ. ಇದಕ್ಕಿಂತ ದೊಡ್ಡ ಅನ್ಯಾಯ ಇಲ್ಲ. ಅವಳ ಮೂತ್ರಪಿಂಡಗಳನ್ನೂ ಸ್ಕ್ಯಾನಿಂಗಿನಲ್ಲಿ ನೋಡಬೇಕು. ವೈವಾಹಿಕ ಜೀವನಕ್ಕೆ ಬೇಕಾದ ಚಿಕಿತ್ಸೆ ಅನೇಕರಲ್ಲಿ ಶಸ್ತ್ರಕ್ರಿಯೆಯಿಲ್ಲದೆಯೇ ಆಗುತ್ತದೆ. ಸ್ವಂತ ಅಂಡಾಣುವಿನಿಂದ ಮಗು ಪಡೆಯುವ ದಾರಿ 2021ರ ಬಾಡಿಗೆ ತಾಯ್ತನ ಕಾಯ್ದೆಯ ಚೌಕಟ್ಟಿನಲ್ಲೂ ಇದೆ. ಇದನ್ನೆಲ್ಲ ಅವಳ ಭಾಷೆಯಲ್ಲಿ, ತಾಯಿಯ ಎದುರಲ್ಲೂ ಅವಳೊಬ್ಬಳ ಬಳಿಯೂ ಸಮಾಧಾನದಿಂದ ಹೇಳುವವರು ಬೇಕು. ಶಾಲೆಗಳಲ್ಲಿ ನಡೆಯುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಪಾಸಣೆಯಲ್ಲಿ ಹತ್ತನೆಯ ತರಗತಿಯ ಹುಡುಗಿಯರಿಗೆ ಈ ಪ್ರಶ್ನೆಯನ್ನು ಗುಟ್ಟಾಗಿ ಕೇಳುವ ವ್ಯವಸ್ಥೆ ಮಾಡಬಾರದೇ?

1969ರ ಕೇರಳ ಅಧಿಕೃತ ಭಾಷಾ ಕಾಯ್ದೆಯು ಇಲ್ಲಿನ ಕನ್ನಡಿಗರಿಗೆ ಸರಕಾರದೊಡನೆ ಕನ್ನಡದಲ್ಲೇ ವ್ಯವಹರಿಸುವ ಅವಕಾಶ ಕೊಟ್ಟಿದೆ. ಅರ್ಜಿ ಬರೆಯಲು ಇರುವ ಆ ಹಕ್ಕು ಆಸ್ಪತ್ರೆಯ ಫೈಲಿಗೂ ಬರಲಿ. ಇಂಥ ನಿಗಾ ಬೇಕಾದ ಪ್ರತಿಯೊಬ್ಬ ಹೆಂಗಸಿನ ಫೈಲಿನ ಮೇಲ್ಭಾಗದಲ್ಲಿ ಕನ್ನಡದ ಒಂದೇ ಒಂದು ಪುಟವಿರಬೇಕು: ಕಾಯಿಲೆಯ ಹೆಸರು, ಮುಂದಿನ ಪರೀಕ್ಷೆಗಳ ತಾರೀಕುಗಳು, ಯಾವ ಲಕ್ಷಣ ಕಂಡರೆ ಕೂಡಲೇ ಬರಬೇಕು, ಯಾರಿಗೆ ಫೋನ್ ಮಾಡಬೇಕು. ಮಂಗಳೂರಿನ ಆಸ್ಪತ್ರೆಗಳಿಗೆ ಕನ್ನಡದಲ್ಲಿ ಬರೆಯುವುದು ಕಷ್ಟವಾಗಬೇಕಾಗಿಲ್ಲ. ಅದರ ಒಂದು ಪ್ರತಿ ಅವಳ ಊರಿನ ಆರೋಗ್ಯ ಕೇಂದ್ರಕ್ಕೆ ತಲುಪಿದರೆ, ತಾರೀಕು ತಪ್ಪಿದ ದಿನ ಆಶಾ ಕಾರ್ಯಕರ್ತೆ ಅವಳ ಮನೆಯ ಬಾಗಿಲಲ್ಲಿರುತ್ತಾಳೆ; ಆ ಕೆಲಸದಲ್ಲಿ ನಮ್ಮ ಆಶಾ ಕಾರ್ಯಕರ್ತೆಯರನ್ನು ಮೀರಿಸುವವರಿಲ್ಲ. ಬೀಟಾ ಎಚ್‌ಸಿಜಿ ಪರೀಕ್ಷೆಗಾಗಿ ಪ್ರತಿ ವಾರ ಒಂದು ದಿನದ ಕೂಲಿ ಬಿಟ್ಟು ಗಡಿ ದಾಟಿಸುವ ಬದಲು, ರಕ್ತದ ಮಾದರಿಯನ್ನು ಊರಲ್ಲೇ ತೆಗೆದು ಕಳಿಸುವ ಏರ್ಪಾಡು ಆಗಬೇಕು. 2013ರಲ್ಲಿ ಶಿಲಾನ್ಯಾಸವಾದ ಉಕ್ಕಿನಡ್ಕದ ಸರಕಾರಿ ವೈದ್ಯಕೀಯ ಕಾಲೇಜಿನಲ್ಲಿ, ಕನ್ನಡ ಮತ್ತು ತುಳು ಬಲ್ಲ ಆಪ್ತಸಲಹೆಗಾರ್ತಿಯೊಬ್ಬರನ್ನು ನೇಮಿಸಿ, ಇಂಥವರಿಗಾಗಿಯೇ ವಾರಕ್ಕೊಂದು ಹೊರರೋಗಿ ವಿಭಾಗ ನಡೆಸಬೇಕು.

ಕಾಸರಗೋಡು ಮತ್ತು ದಕ್ಷಿಣ ಕನ್ನಡ ಜಿಲ್ಲೆಗಳ ಆರೋಗ್ಯಾಧಿಕಾರಿಗಳು ಒಮ್ಮೆ ಒಟ್ಟಿಗೆ ಕುಳಿತು ಇದನ್ನು ತೀರ್ಮಾನಿಸಬೇಕೆಂದು ವಿನಂತಿ. ಆ ಕನ್ನಡ ಪುಟದ ಕರಡನ್ನು ಸಂಬಳವಿಲ್ಲದೆ ಬರೆದುಕೊಡಲು ನಾನೂ, ನನ್ನ ಜೊತೆ ಕೆಲಸ ಮಾಡಿ ನಿವೃತ್ತರಾದ ಶುಶ್ರೂಷಕಿಯರೂ ತಯಾರಿದ್ದೇವೆ.

– ನಿವೃತ್ತ ಶುಶ್ರೂಷಕಿ, ಪೆರ್ಲ, ಕಾಸರಗೋಡು ಜಿಲ್ಲೆ