ಟಿಕೆಟ್ ಒಬ್ಬರದು, ವಿಮಾನ ಇನ್ನೊಬ್ಬರದು

ಮಾನ್ಯ ಸಂಪಾದಕರೇ,

ಅಮೆರಿಕದಲ್ಲಿರುವ ಮಕ್ಕಳ ಮನೆಗೆ ಹೋಗುವ ನಮ್ಮವರು ಡೆಲ್ಟಾ, ಯುನೈಟೆಡ್ ಎಂದು ಟಿಕೆಟ್ ಕೊಳ್ಳುತ್ತಾರೆ. ಆದರೆ ಸಣ್ಣ ಊರಿಗೆ ಹೋಗುವ ಕೊನೇ ವಿಮಾನ ಎಷ್ಟೋ ಸಲ ಸ್ಕೈವೆಸ್ಟ್‌ನಂಥ ಗುತ್ತಿಗೆ ಕಂಪನಿಯದು. ಮೇಲಿನ ಬಣ್ಣ ಮಾತ್ರ ದೊಡ್ಡ ಕಂಪನಿಯದು.

ಈ ಗುತ್ತಿಗೆ ಎಲ್ಲಿಯವರೆಗೆ ಎಂಬುದೇ ಅಲ್ಲಿನ ದೊಡ್ಡ ಕಂಪನಿಗಳ ಪೈಲಟ್ ಸಂಘಗಳ ಹಳೇ ಜಗಳ. ಕಂಪನಿ ಜೊತೆಗಿನ ಅವರ ಒಪ್ಪಂದದಲ್ಲಿ ಗುತ್ತಿಗೆಗೆ ಮಿತಿ ಹಾಕುವ 'ಸ್ಕೋಪ್' ಷರತ್ತಿನ ಪ್ರಕಾರ ಗುತ್ತಿಗೆ ವಿಮಾನದಲ್ಲಿ 76ಕ್ಕಿಂತ ಜಾಸ್ತಿ ಸೀಟು ಇರುವಂತಿಲ್ಲ. ತೂಕಕ್ಕೂ 86,000 ಪೌಂಡ್ ಮಿತಿ ಇದೆ. ಇಂಧನ ಉಳಿಸುವ ಹೊಸ ಎಂಬ್ರೇಯರ್ ಇ175-ಇ2 ವಿಮಾನ ಈ ತೂಕದ ಮಿತಿ ಮೀರುವುದರಿಂದ ಅಲ್ಲಿ ಗಿರಾಕಿಯೇ ಇಲ್ಲ. 50ಕ್ಕಿಂತ ಜಾಸ್ತಿ ಸೀಟಿನ ಗುತ್ತಿಗೆ ವಿಮಾನಗಳ ಸಂಖ್ಯೆಗೂ ಮಿತಿ ಇರುವುದರಿಂದ ಯುನೈಟೆಡ್ ಅಂತೂ 70 ಸೀಟಿನ ವಿಮಾನವನ್ನು 50 ಸೀಟಿಗೆ ಇಳಿಸಿತು!

ಇದು ಹಟಮಾರಿತನ ಎನ್ನುವವರಿದ್ದಾರೆ. ನಾನು ಪೈಲಟ್‌ಗಳ ಕಡೆ. 2009ರಲ್ಲಿ ಅಮೆರಿಕದ ಬಫಲೋ ನಗರದ ಬಳಿ ವಿಮಾನ ಬಿದ್ದು 50 ಜನ ಸತ್ತರು. ಟಿಕೆಟ್ ಕಾಂಟಿನೆಂಟಲ್ ಎಂಬ ದೊಡ್ಡ ಕಂಪನಿ ಹೆಸರಿನದು, ಹಾರಿಸಿದ್ದು ಕೋಲ್ಗನ್ ಎಂಬ ಗುತ್ತಿಗೆ ಕಂಪನಿ. ಗುತ್ತಿಗೆ ಪೈಲಟ್‌ಗಳ ಕಡಿಮೆ ಸಂಬಳ, ದಣಿವು ಆಗ ಬೆಳಕಿಗೆ ಬಂತು. ಅಗ್ಗದ ದುಡಿಮೆಗೆ ಮಿತಿ ಹಾಕುವ ಷರತ್ತನ್ನು ಸುಮ್ನೆ ಬಿಟ್ಟುಕೊಡಿ ಎಂದರೆ ಅವರು ಹೇಗೆ ಒಪ್ಪುತ್ತಾರೆ?

– ಒಬ್ಬ ಓದುಗ, ಮೈಸೂರು