ಉಪವಾಸ ಹಿಡಿ ದೋಸ್ತ, ಲೆಕ್ಕ ಇಡಬೇಡ

ಪ್ರಿಯ ದೋಸ್ತ,

ಅಪ್ಪನಿಗೆ ಲಕ್ವಾ ಹೊಡೆದದ್ದಕ್ಕಿಂತ ಪ್ರಾರ್ಥನೆಗೆ ಬಂದ ಆ ಹಿರಿಯರ ಮಾತೇ ನಿನ್ನನ್ನು ಜಾಸ್ತಿ ಕುಗ್ಗಿಸಿದೆ ಅಂತ ಕಾಣುತ್ತದೆ. ನಿಮ್ಮ ಮನೆಯಲ್ಲಿ ನಂಬಿಕೆ ಕಡಿಮೆ, ದಶಮಾಂಶ, ಅಂದರೆ ಗಳಿಕೆಯ ಹತ್ತನೇ ಪಾಲು, ಸಭೆಗೆ ಸರಿಯಾಗಿ ಕೊಟ್ಟಿಲ್ಲ, ಮೂರು ವಾರ ಉಪವಾಸ ಹಿಡಿಯಿರಿ, ಆಗ ದೇವರು ಎಬ್ಬಿಸುತ್ತಾನೆ ಅಂದರಂತೆ. ಹಿಡಿಯಲೋ ಬೇಡವೋ ಅಂತ ಕೇಳಿದ್ದೀಯ. ಈ ಮಾತು ಕೇಳಿಸಿಕೊಂಡ ಮನೆ ನಿನ್ನದೊಂದೇ ಅಲ್ಲ. ಅದಕ್ಕೇ ನಿನ್ನನ್ನು ಕೇಳಿ, ಹೆಸರು ಬಿಟ್ಟು, ಎಲ್ಲರೂ ಓದುವಂತೆ ಬರೆಯುತ್ತಿದ್ದೇನೆ.

ಮನಸ್ಸಿದ್ದರೆ ಉಪವಾಸ ಹಿಡಿ. ತಪ್ಪೇನಿಲ್ಲ. ಆದರೆ ಇಷ್ಟು ದಿನ ಹಸಿದಿದ್ದೇನೆ, ಇನ್ನು ನೀನು ಅಪ್ಪನನ್ನು ಎಬ್ಬಿಸಲೇಬೇಕು ಅಂತ ದೇವರ ಮುಂದೆ ಕೂರಬೇಡ.

ಬೈಬಲ್ಲಿನಲ್ಲಿ ಅಪೊಸ್ತಲ ಪೌಲ ರೋಮಾಪುರದವರಿಗೆ ಬರೆದ ಪತ್ರದ 4ನೇ ಅಧ್ಯಾಯ ತೆಗೆ. ದುಡಿದವನಿಗೆ ಪಗಾರ ಕೊಟ್ಟರೆ ಅದು ಉಪಕಾರವಲ್ಲ, ಅವನ ಹಕ್ಕು ಅನ್ನುತ್ತಾನೆ ಪೌಲ. ದೇವರ ಹತ್ತಿರ ನಮಗೆ ಅಂಥ ಹಕ್ಕಿಲ್ಲ, ಅದರ ಅಗತ್ಯವೂ ಇಲ್ಲ. ಇದಕ್ಕೆ ಅವನು ಸಾಕ್ಷಿಗೆ ಕರೆಯುವುದು ಯೆಹೂದ್ಯರ ಮೂಲಪುರುಷ ಅಬ್ರಹಾಮನನ್ನು. ಬೈಬಲ್ಲಿನ ಮೊದಲ ಪುಸ್ತಕ ಆದಿಕಾಂಡದ 15ನೇ ಅಧ್ಯಾಯದಲ್ಲಿ ಅಬ್ರಹಾಮ ದೇವರ ಮಾತು ನಂಬಿದ, ದೇವರು ಅವನನ್ನು ನೀತಿವಂತ ಅಂತ ಎಣಿಸಿದ. ಸುನ್ನತಿಯ ಮಾತು ಬಂದದ್ದು 17ನೇ ಅಧ್ಯಾಯದಲ್ಲಿ. ಮೋಶೆಯ ಧರ್ಮಶಾಸ್ತ್ರ ಬಂದದ್ದು ಎಷ್ಟೋ ತಲೆಮಾರು ಕಳೆದ ಮೇಲೆ. ಸುನ್ನತಿಗೂ ಧರ್ಮಶಾಸ್ತ್ರಕ್ಕೂ ಮೊದಲೇ ದೇವರು ಅವನನ್ನು ಒಪ್ಪಿಕೊಂಡಾಗಿತ್ತು. ಪೌಲ ಹಿಡಿದ ಪಟ್ಟು ಅಷ್ಟೇ.

ನೀನು ತಕ್ಷಣ ಬೈಬಲ್ಲಿನಲ್ಲೇ ಇರುವ ಯಾಕೋಬನ ಪತ್ರ ತೆಗೆಯುತ್ತೀಯ, ಗೊತ್ತು. ಸಂಡೇ ಸ್ಕೂಲಿನಲ್ಲೂ ಹಾಗೇ ವಾದಕ್ಕೆ ನಿಲ್ಲುತ್ತಿದ್ದೆ. ಕ್ರಿಯೆಗಳಿಲ್ಲದ ನಂಬಿಕೆ ಸತ್ತದ್ದು ಅಂತ ಯಾಕೋಬ ಬರೆದಿದ್ದು ನಿಜ. ಅವನೂ ಅಬ್ರಹಾಮನನ್ನೇ ಕರೆಯುತ್ತಾನೆ. ಆದರೆ ಅವನು ನೋಡುತ್ತಿರುವುದು ಆದಿಕಾಂಡದ 22ನೇ ಅಧ್ಯಾಯವನ್ನು, ಮಗ ಇಸಾಕನನ್ನು ಯಜ್ಞವೇದಿಯ ಮೇಲೆ ಮಲಗಿಸಿದ ದಿನವನ್ನು. ಪೌಲ ಹೇಳುವ 15ನೇ ಅಧ್ಯಾಯದ ಹೊತ್ತಿಗೆ ಆ ಮಗ ಹುಟ್ಟಿಯೇ ಇರಲಿಲ್ಲ. ಯಾಕೋಬ ಹೇಳುವ ಹೊತ್ತಿಗೆ ಅವನು ಕಟ್ಟಿಗೆ ಹೊತ್ತು ಬೆಟ್ಟ ಹತ್ತುವಷ್ಟು ದೊಡ್ಡವನಾಗಿದ್ದ. ಅಬ್ರಹಾಮನನ್ನು ದೇವರು ಹೇಗೆ ಒಪ್ಪಿಕೊಂಡ ಅನ್ನುವುದು ಪೌಲನ ಪ್ರಶ್ನೆ. ನಂಬುತ್ತೇನೆ ಅನ್ನುವವನ ಮಾತು ಖರೇನಾ ಅನ್ನುವುದು ಯಾಕೋಬನದು.

ಇನ್ನೊಂದು ನೋಡು. ಯಾಕೋಬ ಹೇಳುವ ಕ್ರಿಯೆಗಳಲ್ಲಿ ಉಪವಾಸ ಇಲ್ಲ, ದಶಮಾಂಶವೂ ಇಲ್ಲ. ಬಟ್ಟೆ ಇಲ್ಲದವನಿಗೆ, ಹಸಿದವನಿಗೆ ಏನೂ ಕೊಡದೆ ಸುಮ್ನೆ ಸಮಾಧಾನದಿಂದ ಹೋಗು ಅಂದರೆ ಏನು ಪ್ರಯೋಜನ ಅಂತ ಕೇಳುತ್ತಾನೆ. ಅನಾಥರು, ವಿಧವೆಯರು ಅನ್ನುತ್ತಾನೆ. ವಾರಕ್ಕೆ ಎರಡು ಉಪವಾಸ, ಗಳಿಕೆಯಲ್ಲಿ ಹತ್ತನೇ ಪಾಲು ಅಂತ ದೇವರಿಗೇ ಲೆಕ್ಕ ಒಪ್ಪಿಸಿದವನು ಲೂಕನ ಸುವಾರ್ತೆ 18ರ ಫರಿಸಾಯ, ಧರ್ಮಶಾಸ್ತ್ರವನ್ನು ಕಟ್ಟುನಿಟ್ಟಾಗಿ ಪಾಲಿಸುವ ಪಂಗಡದವನು. ಅಲ್ಲಿ ನೀತಿವಂತನಾಗಿ ಮನೆಗೆ ಹೋದವನು ಎದೆ ಬಡಿದುಕೊಂಡು ನಿಂತಿದ್ದ, ಜನ ಪಾಪಿ ಅನ್ನುತ್ತಿದ್ದ ಸುಂಕದವನು. ನೀನು ರಾತ್ರಿಯೆಲ್ಲ ಎದ್ದು ಅಪ್ಪನನ್ನು ಮಗ್ಗಲು ತಿರುಗಿಸುತ್ತೀಯಲ್ಲ, ಯಾಕೋಬ ಕೇಳುವುದು ಅದನ್ನೇ.

ಪ್ರೊಟೆಸ್ಟಂಟ್ ಸುಧಾರಣೆ ಶುರು ಮಾಡಿದ ಜರ್ಮನಿಯ ಮಾರ್ಟಿನ್ ಲೂಥರನಿಗೆ ಯಾಕೋಬನ ಪತ್ರ ಸೇರಲಿಲ್ಲ. 1522ರ ತನ್ನ ಜರ್ಮನ್ ಹೊಸ ಒಡಂಬಡಿಕೆಯ ಮುನ್ನುಡಿಯಲ್ಲಿ ಅದನ್ನು ಹುಲ್ಲಿನ ಪತ್ರ, ಅಂದರೆ ತಿರುಳಿಲ್ಲದ್ದು, ಅಂದುಬಿಟ್ಟ. ಪಾಪದ ಶಿಕ್ಷೆ ಕಡಿಮೆ ಮಾಡುವ ಚೀಟಿಗಳು ದುಡ್ಡಿಗೆ ಸಿಗುತ್ತಿದ್ದ ಕಾಲ, ಸಿಟ್ಟು ಅರ್ಥವಾಗುತ್ತದೆ. ಆದರೂ ಅದು ಅವಸರದ ಮಾತು ಅಂತಲೇ ನನ್ನ ಅನಿಸಿಕೆ. 1999ರಲ್ಲಿ ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ಕ್ಯಾಥೊಲಿಕರು, ಲೂಥರನ್ನರು ಒಂದೇ ಕಾಗದಕ್ಕೆ ಸಹಿ ಹಾಕಿದರು: ದೇವರು ನಮ್ಮನ್ನು ಒಪ್ಪುವುದು ಕೃಪೆಯಿಂದ, ನಮ್ಮ ಯೋಗ್ಯತೆಯಿಂದಲ್ಲ; ಒಳ್ಳೆಯ ಕೆಲಸ ಅದರ ಹಿಂದೆ ಬರುತ್ತದೆ. ನಮ್ಮ ಕಡೆಯದೂ ಒಂದು ಕಥೆ ಇದೆ. 1837ರಲ್ಲಿ ಧಾರವಾಡಕ್ಕೆ ಬಂದ, ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನ್ ಸಂಸ್ಥೆಯ ಪಾದ್ರಿಗಳು ಸಾರಿದ್ದೂ ಕೃಪೆಯನ್ನೇ. ಜೊತೆಗೆ ಸಭೆಗೆ ಕಟ್ಟುನಿಟ್ಟಿನ ನಿಯಮಗಳನ್ನೂ ತಂದರು. ನಮ್ಮ ಹಳಬರಿಗೆ ನಿಯಮಗಳೇ ಜಾಸ್ತಿ ನೆನಪುಳಿದವೇನೋ!

ಆ ಹಿರಿಯರ ಮಾತಿನಲ್ಲಿ ನನಗೆ ಎಲ್ಲಕ್ಕಿಂತ ಚುಚ್ಚಿದ್ದು ಆ 'ನಂಬಿಕೆ ಕಡಿಮೆ'. ನಂಬಿಕೆಯನ್ನೂ ಅಳೆಯಲು ಹೊರಟರೆ ಅದೂ ಒಂದು ದುಡಿಮೆ ಆಯಿತು, ಅಲ್ವಾ? ಆಗ ಕೃಪೆಗೆ ಜಾಗ ಎಲ್ಲಿ? ಮಾರ್ಕನ ಸುವಾರ್ತೆ 9ರಲ್ಲಿ ಕಾಯಿಲೆಯ ಮಗನನ್ನು ಯೇಸುವಿನ ಹತ್ತಿರ ಕರೆತಂದ ತಂದೆ, ನಂಬುತ್ತೇನೆ, ನನ್ನ ಅಪನಂಬಿಕೆಗೆ ಸಹಾಯ ಮಾಡು ಅಂತ ಕೂಗುತ್ತಾನೆ. ಅರೆಬರೆ ನಂಬಿಕೆ. ಯೇಸು ಅವನನ್ನು ಹೊರಗೆ ಕಳಿಸಲಿಲ್ಲ, ಮಗನನ್ನು ವಾಸಿ ಮಾಡಿದ. ಇನ್ನು ಪೌಲ ತನ್ನ ಜೊತೆಗಾರ ತ್ರೊಫಿಮನನ್ನು ಮಿಲೇತ ಎಂಬ ಊರಲ್ಲಿ ಕಾಯಿಲೆಯಲ್ಲೇ ಬಿಟ್ಟು ಬಂದೆ ಅಂತ ಶಿಷ್ಯ ತಿಮೊಥೆಯನಿಗೆ ಬರೆಯುತ್ತಾನೆ. ಪೌಲನಿಗೂ ನಂಬಿಕೆ ಕಡಿಮೆ ಇತ್ತು ಅಂತ ಆ ಹಿರಿಯರು ಹೇಳುತ್ತಾರಾ? ಮುಂದಿನ ಸಲ ಬಂದರೆ ಕೇಳು. ಮರ್ಯಾದೆಯಿಂದಲೇ ಕೇಳು, ಅವರೂ ಅಪ್ಪನ ಮೇಲಿನ ಪ್ರೀತಿಗೇ ಬಂದವರು.

ಪ್ರಾರ್ಥನೆ ನಡೆಯಲಿ, ಫಿಸಿಯೋಥೆರಪಿ ಮಾತ್ರ ಒಂದು ದಿನವೂ ತಪ್ಪಿಸಬೇಡ. ಬಿಪಿ ಗುಳಿಗೆಯನ್ನು ಯಾರು ಹೇಳಿದರೂ ನಿಲ್ಲಿಸಬೇಡ, ಡಾಕ್ಟರ್ ಹೇಳಿದರೆ ಮಾತ್ರ. ದಶಮಾಂಶಕ್ಕೆ ಅಂತ ಎತ್ತಿಟ್ಟ ದುಡ್ಡು ಔಷಧಕ್ಕೆ ಬೇಕಾದರೆ ಔಷಧಕ್ಕೇ ಹಾಕು.

ಶನಿವಾರ ಸಂಜೆ ಬೆಟಗೇರಿಗೆ ಬರುತ್ತೇನೆ. ರಾತ್ರಿ ಅಪ್ಪನ ಹತ್ತಿರ ನಾನು ಕೂರುತ್ತೇನೆ, ನೀನು ಮಲಗು. ಅಡಿಗೆ ಮಾಡಬೇಡಿ ಅಂತ ಅವ್ವನಿಗೆ ಹೇಳು, ರೊಟ್ಟಿ ಪಲ್ಯ ನಾನೇ ಕಟ್ಟಿಸಿಕೊಂಡು ಬರುತ್ತೇನೆ.

ನಿನ್ನ
ಧಾರವಾಡದ ದೋಸ್ತ