ತಲೆಸುತ್ತು ಬಂದಾಗ ಕಿವಿಯ ಬಗ್ಗೆಯೂ ಕೇಳಿ

ಸಂಪಾದಕರಿಗೆ ನಮಸ್ಕಾರ.

ನಿಮ್ಮ ಆರೋಗ್ಯ ಪುಟದಲ್ಲಿ ಬಿಪಿ, ಶುಗರ್, ಥೈರಾಯ್ಡ್ ಬಗ್ಗೆ ಓದಿ ತುಂಬಾ ತಿಳಿದುಕೊಂಡಿದ್ದೇನೆ. ಆದರೆ ತಲೆಸುತ್ತಿನ ಬಗ್ಗೆ, ಅದಕ್ಕೆ ಕಾರಣವಾಗುವ ಒಳಕಿವಿಯ ಬಗ್ಗೆ ಯಾರಾದರೂ ನಮಗೆ ಮೊದಲೇ ಬಿಡಿಸಿ ಹೇಳಿದ್ದರೆ ನಮ್ಮಮ್ಮ ಎರಡು ವರ್ಷ ನರಳಬೇಕಾಗಿರಲಿಲ್ಲ. ಅದಕ್ಕೇ ಈ ಪತ್ರ. ಉದ್ದವಾಗಿದೆ, ಆದರೂ ದಯವಿಟ್ಟು ಪ್ರಕಟಿಸಿ.

ಒಂದು ಬೆಳಿಗ್ಗೆ ದೋಸೆ ಹುಯ್ಯುತ್ತಾ ನಿಂತಿದ್ದ ಅಮ್ಮ ಹಾಗೇ ಗೋಡೆ ಹಿಡಿದು ಕೂತುಬಿಟ್ಟರು. ಇಡೀ ಅಡುಗೆಮನೆ ಗಿರಗಿರ ತಿರುಗುತ್ತಿದೆ ಅಂದರು, ಕಣ್ಣು ಮುಚ್ಚಿದರೂ ನಿಲ್ಲುತ್ತಿಲ್ಲ ಅಂದರು, ಎರಡು ಮೂರು ಸಲ ವಾಂತಿ ಮಾಡಿದರು, ಮಧ್ಯಾಹ್ನದ ತನಕ ತಲೆ ಎತ್ತಲಿಲ್ಲ. ಪಿತ್ತ ಕೆರಳಿದೆ ಅಂತ ಅಜ್ಜಿ ನಿಂಬೆರಸಕ್ಕೆ ಉಪ್ಪು ಹಾಕಿ ಕುಡಿಸಿದರು. ಅಮ್ಮನ ಕಾಯಿಲೆಗೆ ಕಡಿಮೆ ಮಾಡಬೇಕಾಗಿದ್ದೇ ಉಪ್ಪು ಅಂತ ಆಗ ಯಾರಿಗೆ ಗೊತ್ತಿತ್ತು?

ಆಮೇಲೆ ಎರಡು ಮೂರು ವಾರಕ್ಕೊಮ್ಮೆ ಇದೇ ಪಾಡು. ಒಬ್ಬರು ಬಿಪಿ ಅಂದರು. ಇನ್ನೊಬ್ಬರು ಎಕ್ಸ್-ರೇ ತೆಗೆಸಿ, ಕುತ್ತಿಗೆ ಮೂಳೆ ಸವೆದಿದೆ ಅಂತ ಪಟ್ಟಿ ಹಾಕಿಸಿದರು. ಸಾಲ ಮಾಡಿ ತಲೆಯ ಸ್ಕ್ಯಾನ್ ಮಾಡಿಸಿದೆವು, ಅದರಲ್ಲಿ ಏನೂ ಇರಲಿಲ್ಲ. ಏನೂ ಇಲ್ಲ ಅಂದಮೇಲೆ ಇದು ಮನಸ್ಸಿನದ್ದು, ಟೆನ್ಷನ್ ಮಾಡ್ಕೋಬೇಡಿ ಅಂತ ಕಳಿಸಿದರು. ಅಮ್ಮ ಒಬ್ಬರೇ ಬಸ್ ಹತ್ತುವುದನ್ನೇ ಬಿಟ್ಟರು. ಮದುವೆ ಮನೆಗಳಿಗೂ ಹೋಗಲಿಲ್ಲ.

ಕೊನೆಗೆ ಒಬ್ಬ ಕಿವಿ ಮೂಗು ಗಂಟಲು ಡಾಕ್ಟರು ಮೂರೇ ಪ್ರಶ್ನೆ ಕೇಳಿದರು. ಒಂದು ಸಲ ಬಂದರೆ ಎಷ್ಟು ಹೊತ್ತು ಇರುತ್ತದೆ? ಏನು ಮಾಡುವಾಗ ಬರುತ್ತದೆ? ಆಗ ಕಿವಿಗೆ ಏನಾಗುತ್ತದೆ? ಮೂರನೆಯದಕ್ಕೆ ಅಮ್ಮ ಹೇಳಿದ ಉತ್ತರವನ್ನು ಮನೆಯವರಾದ ನಾವೂ ಅವತ್ತೇ ಮೊದಲು ಕೇಳಿದ್ದು. "ಬರೋಕೆ ಮುಂಚೆ ಎಡಗಿವಿ ಮುಚ್ಕೊಂಡ ಹಾಗಾಗುತ್ತೆ ಡಾಕ್ಟ್ರೇ, ಆಮೇಲೆ ಗುಂಯ್ ಅಂತ ಸದ್ದು. ಫೋನ್ ಬಂದ್ರೆ ಬಲಗಿವಿಗೇ ಹಿಡ್ಕೊಳ್ತೀನಿ." ವಯಸ್ಸಾಯಿತು, ಕಿವಿ ಮಂದ ಆಗಿದೆ ಅಂದುಕೊಂಡು ಸುಮ್ಮನಿದ್ದರಂತೆ. ತಲೆಸುತ್ತಿಗೂ ಕಿವಿಗೂ ಏನು ಸಂಬಂಧ ಅಂತ ಯಾರಿಗಾದರೂ ಹೊಳೆಯುತ್ತದಾ? ಕಿವಿ ಪರೀಕ್ಷೆಯಲ್ಲಿ ಎಡಗಿವಿಗೆ ದಪ್ಪ ಸ್ವರಗಳು ಸರಿಯಾಗಿ ಕೇಳಿಸುತ್ತಿಲ್ಲ ಅಂತ ಗೊತ್ತಾಯಿತು. ಮೆನಿಯರ್ ಕಾಯಿಲೆ ಅಂದರು.

ಸಂಬಂಧ ಏನು ಅಂದರೆ, ಒಳಕಿವಿಯಲ್ಲಿ ಬಸವನಹುಳುವಿನ ಚಿಪ್ಪಿನ ಹಾಗೆ ಸುರುಳಿಯಾಗಿರುವ ಭಾಗ ಕೇಳುವುದಕ್ಕೆ, ಅದಕ್ಕೆ ಅಂಟಿಕೊಂಡೇ ಇರುವ ಮೂರು ಕಮಾನಿನಂಥ ನಾಳಗಳು ಮತ್ತು ಎರಡು ಪುಟ್ಟ ಚೀಲಗಳು ಸಮತೋಲಕ್ಕೆ. ಎರಡರೊಳಗೂ ಹರಿಯುವುದು ಒಂದೇ ದ್ರವ. ಮೆನಿಯರ್ ಇರುವವರಲ್ಲಿ ಆ ದ್ರವ ಜಾಸ್ತಿಯಾಗಿ ಕಿವಿಯೂ ಕೆಡುತ್ತದೆ, ತಲೆಯೂ ಸುತ್ತುತ್ತದೆ. ಸುತ್ತು ಒಂದು ಸಲ ಬಂದರೆ 20 ನಿಮಿಷದಿಂದ 12 ಗಂಟೆಯವರೆಗೂ ಇರಬಹುದು. 1861ರಲ್ಲಿ ಪ್ಯಾರಿಸ್‌ನಲ್ಲಿ ಕಿವುಡರ ಸಂಸ್ಥೆಯೊಂದರ ವೈದ್ಯರಾಗಿದ್ದ ಪ್ರಾಸ್ಪರ್ ಮೆನಿಯರ್, ಇಂಥ ತಲೆಸುತ್ತು ಮಿದುಳಿನದ್ದಲ್ಲ, ಕಿವಿಯದ್ದು ಅಂತ ತೋರಿಸಿಕೊಟ್ಟರು. ಅಷ್ಟು ಹಿಂದೆಯೇ ಗೊತ್ತಾದ ಸಂಗತಿ ನಮ್ಮಮ್ಮನ ತನಕ ಬರಲಿಲ್ಲವಲ್ಲ ಅನ್ನುವುದೇ ನನ್ನ ಸಂಕಟ.

ಉಪ್ಪಿನಕಾಯಿ, ಹಪ್ಪಳ, ಸಂಡಿಗೆ ಬಿಟ್ಟು ಔಷಧಿ ಶುರು ಮಾಡಿದ ಮೇಲೆ ಅಮ್ಮ ಚೇತರಿಸಿಕೊಂಡರು. ಒಂದು ವರ್ಷ ಆರಾಮಾಗಿದ್ದರು. ಆಮೇಲೆ ಒಂದು ರಾತ್ರಿ ಮಗ್ಗುಲು ಬದಲಿಸಿದ ಕೂಡಲೇ ಮತ್ತೆ ಮಂಚ ತಿರುಗಿತು. ಅಯ್ಯೋ, ಮತ್ತೆ ಶುರುವಾಯಿತಲ್ಲ ಅಂತ ನಾವು ಇದ್ದಬದ್ದ ಉಪ್ಪನ್ನೂ ನಿಲ್ಲಿಸಿ ಹತ್ತು ದಿನ ಒದ್ದಾಡಿದೆವು. ಅದು ಮೆನಿಯರ್ ಆಗಿರಲೇ ಇಲ್ಲ! ಮಗ್ಗುಲು ಬದಲಿಸಿದಾಗ, ಅಟ್ಟದ ಕಡೆ ಕತ್ತೆತ್ತಿದಾಗ ಮಾತ್ರ ಬರುತ್ತಿತ್ತು, ಒಂದು ನಿಮಿಷದೊಳಗೆ ನಿಂತುಹೋಗುತ್ತಿತ್ತು, ಕಿವಿಗೆ ಹೊಸದಾಗಿ ಏನೂ ಆಗಿರಲಿಲ್ಲ. ನಾವು ಅದನ್ನು ಗಮನಿಸಿರಲಿಲ್ಲ ಅಷ್ಟೇ.

ಒಳಕಿವಿಯಲ್ಲಿ ಸುಣ್ಣದ ಸಣ್ಣ ಸಣ್ಣ ಹರಳುಗಳಿರುತ್ತವೆ. ಅವು ಜಾಗ ಬಿಟ್ಟು ನಾಳದೊಳಗೆ ಜಾರಿದರೆ ತಲೆ ಅಲುಗಿಸಿದಾಗಲೆಲ್ಲ ಹೀಗಾಗುತ್ತದೆ. ಡಾಕ್ಟರು ಇದನ್ನು ಬಿಪಿಪಿವಿ ಅನ್ನುತ್ತಾರೆ. ಅವರು ಅಮ್ಮನ ಕತ್ತನ್ನು ಒಂದು ಕಡೆ ತಿರುಗಿಸಿ, ತಲೆ ಮಂಚದ ಅಂಚಿನಿಂದ ಕೊಂಚ ಕೆಳಗೆ ಬರುವಂತೆ ಬೇಗನೆ ಮಲಗಿಸಿ ಕಣ್ಣನ್ನೇ ನೋಡಿದರು. ಕಣ್ಣುಗುಡ್ಡೆ ಪಟಪಟ ಅದುರಿತು. ಆಮೇಲೆ ಅಮೆರಿಕದ ಜಾನ್ ಎಪ್ಲಿ ಅನ್ನುವ ಡಾಕ್ಟರು ಹುಡುಕಿದ ಕ್ರಮದಲ್ಲಿ ತಲೆಯನ್ನು ಹಂತ ಹಂತವಾಗಿ ತಿರುಗಿಸಿ ಕೂರಿಸಿದರು. ಹತ್ತು ನಿಮಿಷದ ಕೆಲಸ. ಮೆಷಿನ್ ಬೇಡ, ಇಂಜೆಕ್ಷನ್ ಬೇಡ. ಕೆಲವರಿಗೆ ಎರಡು ಮೂರು ಸಲ ಮಾಡಬೇಕಾಗುತ್ತದಂತೆ, ಅಮ್ಮನಿಗೆ ಒಂದೇ ಸಲಕ್ಕೆ ಹೋಯಿತು.

ಒಬ್ಬರಿಗೇ ಎರಡು ಕಾಯಿಲೆ, ಎರಡಕ್ಕೂ ನಮ್ಮ ಬಾಯಲ್ಲಿ ಒಂದೇ ಹೆಸರು, ತಲೆಸುತ್ತು. ಕಷ್ಟ ಇರುವುದೇ ಇಲ್ಲಿ, ಅಲ್ವಾ? ಇನ್ನೂ ಇವೆ. ನೆಗಡಿ ಜ್ವರ ಬಂದು ಹೋದಮೇಲೆ ಸಮತೋಲದ ನರ ಊದಿಕೊಂಡರೆ ಸುತ್ತು ದಿನಗಟ್ಟಲೆ ನಿಲ್ಲುವುದಿಲ್ಲ, ಆದರೆ ಕಿವಿ ಚೆನ್ನಾಗಿ ಕೇಳಿಸುತ್ತದೆ. ಒಳಕಿವಿಯೇ ಊದಿಕೊಂಡರೆ ಕೇಳಿಸುವುದೂ ಕಡಿಮೆಯಾಗುತ್ತದೆ. ನನ್ನ ಜೊತೆ ಕೆಲಸ ಮಾಡುವ ಒಬ್ಬರಿಗೆ ಮೈಗ್ರೇನ್‌ನಿಂದಲೇ ತಲೆ ಸುತ್ತುತ್ತದೆ. ಎಷ್ಟೋ ಸಲ ಆಗ ಅವರಿಗೆ ತಲೆನೋವೇ ಇರುವುದಿಲ್ಲ, ಬೆಳಕು ಸದ್ದು ಮಾತ್ರ ತಡೆಯುವುದಕ್ಕಾಗುವುದಿಲ್ಲ. ಅವರಿಗೂ ಕಿವಿ ಮುಚ್ಚಿದ ಹಾಗಾಗುತ್ತದೆ, ಗುಂಯ್ ಅನ್ನುತ್ತದೆ, ಹಾಗಾಗಿ ಮೊದಲು ಅದನ್ನೂ ಮೆನಿಯರ್ ಅಂದುಕೊಂಡಿದ್ದರು. ಎರಡೂ ಒಟ್ಟಿಗೆ ಇರುವವರೂ ಇದ್ದಾರೆ. ಅನುಭವ ಇರುವ ಡಾಕ್ಟರಿಗೂ ಒಂದೇ ದಿನದಲ್ಲಿ ಗೊತ್ತಾಗಲಿಕ್ಕಿಲ್ಲ, ಅದು ಅವರ ತಪ್ಪಲ್ಲ. ಆದರೆ ಕೇಳಲೇಬೇಕಾದ ಪ್ರಶ್ನೆ ಕೇಳದೆ ಮಾತ್ರೆ ಬರೆದು ಕಳಿಸುವುದು ತಪ್ಪು.

ಮಾತ್ರೆ ಅಂದೆನಲ್ಲ, ಸಿನ್ನರಿಜಿನ್, ಪ್ರೊಕ್ಲೋರ್‌ಪೆರಜಿನ್ ಥರದ ತಲೆಸುತ್ತಿನ ಮಾತ್ರೆಗಳು ಸುತ್ತು ಜೋರಾಗಿರುವ ಎರಡು ಮೂರು ದಿನಕ್ಕೆ ಒಳ್ಳೆಯವೇ. ಆದರೆ ನಮ್ಮಲ್ಲಿ ಹಳೇ ಚೀಟಿ ತೋರಿಸಿ ತಿಂಗಳುಗಟ್ಟಲೆ ನುಂಗುತ್ತಾರೆ. ಅಮ್ಮನೂ ನುಂಗಿದ್ದರು. ಹಾಗೆ ಮಾಡಿದರೆ ಮಿದುಳು ತಾನಾಗಿ ಸಮತೋಲ ಕಲಿತುಕೊಳ್ಳುವುದೇ ನಿಧಾನವಾಗುತ್ತದೆ, ವಯಸ್ಸಾದವರಿಗೆ ಕೈ ನಡುಗುವುದು, ಮೈ ಬಿಗಿಯುವುದು ಶುರುವಾಗಬಹುದು. ಮನೆಯಲ್ಲಿ ಯಾರಾದರೂ ಹೀಗೆ ನುಂಗುತ್ತಿದ್ದರೆ ಡಾಕ್ಟರನ್ನು ಒಮ್ಮೆ ಕೇಳಿ.

ಇನ್ನೊಂದು ಮಾತು ಇಲ್ಲಿ ಹೇಳಲೇಬೇಕು. ತಲೆಸುತ್ತಿನ ಜೊತೆ ಮಾತು ತೊದಲಿದರೆ, ಬಾಯಿ ಸೊಟ್ಟಗಾದರೆ, ಒಂದೇ ವಸ್ತು ಎರಡಾಗಿ ಕಂಡರೆ, ಕೈಕಾಲು ಮರಗಟ್ಟಿದರೆ ಅಥವಾ ಹಿಡಿದುಕೊಂಡರೂ ನಿಲ್ಲುವುದಕ್ಕೇ ಆಗದಿದ್ದರೆ ಅದು ಕಿವಿಯದ್ದು ಅಂತ ಕಾಯಬೇಡಿ, ಪಾರ್ಶ್ವವಾಯು ಇರಬಹುದು, 108ಕ್ಕೆ ಫೋನ್ ಮಾಡಿ. ಒಂದು ಕಿವಿ ಇದ್ದಕ್ಕಿದ್ದ ಹಾಗೆ ಕೇಳಿಸದೆ ಹೋದರೂ ಅವತ್ತೇ ತೋರಿಸಿ. ಮೊದಲ ಕೆಲವು ದಿನಗಳಲ್ಲಿ ಔಷಧಿ ಸಿಕ್ಕರೆ ಕಿವಿ ಉಳಿಯುವ ಆಸೆ ಜಾಸ್ತಿ.

ನನ್ನ ಕೋರಿಕೆ ಇಷ್ಟು. ಹರಳು ಜಾರಿದ್ದನ್ನು ಪತ್ತೆ ಮಾಡುವುದಕ್ಕೆ, ಸರಿ ಮಾಡುವುದಕ್ಕೆ ಬೇಕಾಗಿರುವುದು ಒಂದು ಮಂಚ, ಕಲಿತ ಎರಡು ಕೈ. ಇದು ತಾಲ್ಲೂಕು ಆಸ್ಪತ್ರೆಯಲ್ಲಿ, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಯಾಕೆ ಆಗಬಾರದು? ಆರೋಗ್ಯ ಇಲಾಖೆ ತನ್ನ ಡಾಕ್ಟರುಗಳಿಗೆ ಇದನ್ನು ಕಲಿಸಲಿ. ಮೈಸೂರಿನಲ್ಲಿ 1965ರಿಂದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ, ಕಿವಿಯ ವಿಷಯ ಬಲ್ಲವರು ನಮ್ಮ ರಾಜ್ಯದಲ್ಲೇ ಇದ್ದಾರೆ. ನೀವೂ ಅಂಥವರೊಬ್ಬರಿಂದ ಚಿತ್ರ ಸಮೇತ ಒಂದು ಲೇಖನ ಬರೆಸಿ.

ತಲೆಸುತ್ತು ಇರುವವರು ಇವತ್ತಿನಿಂದಲೇ ಒಂದು ನೋಟ್‌ಬುಕ್ ಇಡಿ. ಯಾವಾಗ ಬಂತು, ಏನು ಮಾಡುತ್ತಿದ್ದಾಗ, ಎಷ್ಟು ನಿಮಿಷ, ಕಿವಿಗೆ ಏನಾಯಿತು, ಬೆಳಕು ಚುಚ್ಚಿತಾ, ಇಷ್ಟು ಬರೆದರೆ ಸಾಕು. ಡಾಕ್ಟರು ಕೇಳದಿದ್ದರೂ ಅದನ್ನು ಅವರ ಮುಂದೆ ಇಡಿ.

ಇಂತಿ,
ನಿಮ್ಮ ಪತ್ರಿಕೆಯ ಓದುಗಿ, ಶಿವಮೊಗ್ಗ